ಅಜ್ಜನ ಮನೆ ಕೆಡವುವ ಮುನ್ನ

ತಮ್ಮಾ, ಕಲಬುರಗಿ ಕೋಟೆ ಪಕ್ಕದ ಅಜ್ಜನ ಮನೆಗೆ ತೆರಿಗೆ ಕಟ್ಟಿ ಸಾಕಾಗಿದೆ, ಕೆಡವಿ ಕಾಂಪ್ಲೆಕ್ಸ್ ಕಟ್ಟಿಸೋಣ ಎಂದು ನೀನೂ ನಿನ್ನ ಅಣ್ಣನೂ ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಅವಸರ ಮಾಡಬೇಡಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಏಳುವಂತಿಲ್ಲ, ಅದರಾಚೆಯ 200 ಮೀಟರಿಗೂ ಅನುಮತಿ ಬೇಕು. 2010ರಲ್ಲಿ ಕೇಂದ್ರದ ಕಾಯ್ದೆಗೆ ಮಾಡಿದ ತಿದ್ದುಪಡಿ ಇದು. ಇದ್ದ ಮನೆಯನ್ನು ಅನುಮತಿ ಪಡೆದು ರಿಪೇರಿ ಮಾಡಿಸಬಹುದು. ಕೆಡವಿದಿರೋ, ಖಾಲಿ ಜಾಗ ಕಾಯುತ್ತ ಕೂರಬೇಕಾದೀತು.

ಹಳೆಯ ಮನೆ ಎಂದ ಮಾತ್ರಕ್ಕೆ ತೆರಿಗೆ ಮಾಫಿಯೂ ಇಲ್ಲ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ವಿನಾಯಿತಿ ಕೊಡುವುದು ಸಂರಕ್ಷಿತ ಸ್ಮಾರಕಕ್ಕೆ, ಅದೂ ಜನವಸತಿ, ಸರ್ಕಾರಿ ಕಚೇರಿ ಇಲ್ಲದ ಭಾಗಕ್ಕೆ. ಹಫ್ತ್ ಗುಂಬಜಿನಂಥ ಸ್ಮಾರಕಕ್ಕೆ ಸಿಗುವುದು ಒಲೆ ಉರಿಯುವ ಮನೆಗೆ ಸಿಗುವುದಿಲ್ಲ. ನನಗೆ ಇದು ನ್ಯಾಯವಾಗಿ ಕಾಣುವುದಿಲ್ಲ. ಊರಿನ ಇತಿಹಾಸ ಉಳಿಯಲೆಂದು ಕಟ್ಟುಪಾಡು ಹೊರುವವರಿಗೆ ಊರೂ ಏನಾದರೂ ಬಿಟ್ಟುಕೊಡಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1972ರ ಮಿಲ್ಸ್ ಕಾಯ್ದೆಯಂತೆ, ಕನಿಷ್ಠ 10 ವರ್ಷ ಕಟ್ಟಡವನ್ನು ಕಾಪಾಡುತ್ತೇನೆಂದು ಮಾಲೀಕ ಸ್ಥಳೀಯ ಆಡಳಿತದೊಂದಿಗೆ ಕರಾರು ಮಾಡಿಕೊಂಡರೆ ಆಸ್ತಿ ತೆರಿಗೆ ಇಳಿಯುತ್ತದೆ. ನಾವೂ ಕೇಳಬೇಕಾದದ್ದು ಅಂಥದ್ದನ್ನೇ. ಬರೀ ಮಾಫಿ ಕೇಳಿದರೆ, ಬೀಗ ಜಡಿದು ಮನೆ ಬೀಳಲಿ ಎಂದು ಕಾಯುವವನಿಗೂ ಅದು ಸಿಕ್ಕೀತು.

ಕೇಳುವ ಮೊದಲು ಮನೆ ನಿಲ್ಲಿಸಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ ನೋಡು. ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಎದ್ದಿದ್ದರೆ ಬೇರುಸಹಿತ ತೆಗೆಸು. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿಸಬೇಡ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗಾರೆ ಒಳಗೊಳಗೇ ಪುಡಿಯಾಗುತ್ತದೆ, ಹೊರಗಿಂದ ಮಾತ್ರ ಗೋಡೆ ನುಣ್ಣಗೆ ಕಾಣುತ್ತದೆ. ನೆಲದಿಂದ ಎತ್ತಿಸಿದ ಶಹಾಬಾದ್ ಪರಸಿಕಲ್ಲನ್ನು ಮಾರಬೇಡ, ಮತ್ತೆ ಹಾಸಲು ಬರುತ್ತದೆ.

ಕಮಲಾಪುರದ ಸೋದರಮಾವನಿಗೂ ಈ ಮಾತು ಮುಟ್ಟಿಸು. ಅಲ್ಲಿನ ಕೆಂಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಹತ್ತಿರದ ಹೊಳಕುಂದಾದ ಬಹಮನಿ ಕಾಲದ ಗುಮ್ಮಟಗಳನ್ನು ಜನ ನೋಡುತ್ತಾರೆ. ಅಲ್ಲಿನ ಓಣಿಯ ಕಲ್ಲುಮನೆಗಳನ್ನು ಮಾತ್ರ ಕೇಳುವವರಿಲ್ಲ.

ತೆರಿಗೆ ಬಾಕಿ ಉಳಿಸಿಕೊಂಡು ಹಕ್ಕು ಕೇಳಲು ಹೋಗಬೇಡ. ಏಪ್ರಿಲ್ ತಿಂಗಳಲ್ಲೇ ಇಡೀ ವರ್ಷದ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದಿದ್ದಾರೆಯೇ ಎಂದೂ ನೋಡಿಕೋ. ಆಮೇಲೆ ರಸೀದಿಯ ನಕಲು ಲಗತ್ತಿಸಿ, ನಿಮ್ಮ ಓಣಿಯ ಹಳೆ ಮನೆಯವರೆಲ್ಲರ ಸಹಿ ಹಾಕಿಸಿ, ಪಾಲಿಕೆಗೂ ಶಾಸಕರಿಗೂ ಅರ್ಜಿ ಕೊಡು. ಮೊದಲ ಸಹಿ ನಾನು ಹಾಕುತ್ತೇನೆ.