ಸೊಂಟದ ಟೇಪು, ರಕ್ತದ ರಿಪೋರ್ಟು: ಎರಡನ್ನೂ ಜೊತೆಗಿಟ್ಟು ಓದಿ

ತೂಕ ಹೆಚ್ಚೇನಿಲ್ಲ, ಹೊಟ್ಟೆ ಮಾತ್ರ ಮುಂದೆ ಬಂದಿದೆ ಎನ್ನುವವರು ಬೆಂಗಳೂರಿನ ರಾಜಾಜಿನಗರದಿಂದ ಕೆಂಗೇರಿಯವರೆಗೆ ಬೇಕಾದಷ್ಟು ಸಿಗುತ್ತಾರೆ. ಹಿಮೋಗ್ಲೋಬಿನ್ ಏರುತ್ತಿಲ್ಲವೆಂದು ಕಬ್ಬಿಣದ ಮಾತ್ರೆ ನುಂಗುತ್ತಿರುವವರೂ ಅಷ್ಟೇ ಮಂದಿ. ಎಷ್ಟೋ ಸಲ ಎರಡು ದೂರೂ ಒಬ್ಬರದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಸುಮಾರು ಶೇ 30ರಷ್ಟು ಮಂದಿಯ ತೂಕ ಮಿತಿ ಮೀರಿದೆ.

ನಂಟು ಎಲ್ಲಿದೆ?

ಕೊಬ್ಬು ಹಾರ್ಮೋನು ಸುರಿಸುವ ಅಂಗ. ಅಮೆರಿಕದ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಪತ್ತೆಹಚ್ಚಿದ ಲೆಪ್ಟಿನ್, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುತ್ತದೆ. ಕೊಬ್ಬು ಹೆಚ್ಚಿದಂತೆ ಲೆಪ್ಟಿನ್ ಕೂಡ ಹೆಚ್ಚುತ್ತದೆ, ಆದರೆ ಮಿದುಳು ಕಿವಿಗೊಡುವುದು ಕಡಿಮೆಯಾಗುತ್ತದೆ. ಇನ್ಸುಲಿನ್‌ಗೆ ನೆರವಾಗುವ ಅಡಿಪೊನೆಕ್ಟಿನ್ ಹೊಟ್ಟೆಯೊಳಗಿನ ಕೊಬ್ಬು ಬೆಳೆದಷ್ಟೂ ಇಳಿಯುತ್ತದೆ. ಇದೇ ಕೊಬ್ಬಿನಿಂದ ಐಎಲ್–6 ಎಂಬ ಉರಿಯೂತದ ಸಂಕೇತವೂ ಹೊರಡುತ್ತದೆ. ಅದು ತಾಗಿದ ಯಕೃತ್ತು ಹೆಪ್ಸಿಡಿನ್ ತಯಾರಿಸುತ್ತದೆ; ಹೆಪ್ಸಿಡಿನ್ ಕರುಳಿನಿಂದ ರಕ್ತಕ್ಕೆ ಕಬ್ಬಿಣ ದಾಟುವ ಬಾಗಿಲನ್ನು ಮುಚ್ಚುತ್ತದೆ. ಥಾಯ್ಲೆಂಡ್‌ನ ಮಹಿಳೆಯರು ಹಾಗೂ ಭಾರತ, ಮೊರಾಕ್ಕೊದ ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೂ ಮೈಕೊಬ್ಬು ಹೆಚ್ಚಿದ್ದವರ ಕಬ್ಬಿಣದ ಸ್ಥಿತಿ ಕಳಪೆ ಎಂದೇ ಹೇಳಿತು.

ತೂಕ ಕಡಿಮೆಯಿದ್ದರೂ ಕೊಬ್ಬು ಉಳಿಯುವುದು ನಮ್ಮವರಿಗೆ ಹುಟ್ಟಿನಿಂದಲೇ ಅಂಟಿದ್ದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಜನಿಸಿದ ಮಕ್ಕಳನ್ನು ಬ್ರಿಟನ್ನಿನ ಮಕ್ಕಳೊಂದಿಗೆ ಹೋಲಿಸಿದಾಗ, ನಮ್ಮ ಕೂಸುಗಳ ತೂಕ ಕಡಿಮೆಯಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ. ಹಾಗಾಗಿ ತೂಕದ ಯಂತ್ರವೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ.

ಹಂತ 1: ಟೇಪು ಹಿಡಿಯಿರಿ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಿಂತು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಸುತ್ತಿ. ಉಸಿರು ಬಿಟ್ಟ ಮೇಲೆ ಓದಿ, ಹೊಟ್ಟೆ ಎಳೆದುಕೊಳ್ಳಬೇಡಿ. ಭಾರತೀಯರಿಗೆ ಮಿತಿ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಸುತ್ತಳತೆ ನಿಮ್ಮ ಎತ್ತರದ ಅರ್ಧ ದಾಟಿದ್ದರೂ ಎಚ್ಚರ. ಬಿಎಂಐ 23 ದಾಟಿದರೆ ನಮಗೆ ಅಧಿಕ ತೂಕವೇ.

ಹಂತ 2: ಬೇಕಾದ ಪರೀಕ್ಷೆಯನ್ನಷ್ಟೇ ಮಾಡಿಸಿ

ಲೆಪ್ಟಿನ್, ಅಡಿಪೊನೆಕ್ಟಿನ್ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಅವುಗಳಿಂದ ಚಿಕಿತ್ಸೆ ಬದಲಾಗುವುದಿಲ್ಲ. ಹಿಮೋಗ್ಲೋಬಿನ್, ಸಕ್ಕರೆ, ಬಿಪಿ ತಪಾಸಣೆಗೆ ಹತ್ತಿರದ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಇಎಸ್‌ಐ ಕಾರ್ಡಿದ್ದವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿದೆ. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಕಬ್ಬಿಣದ ದಾಸ್ತಾನು), ಸಿಆರ್‌ಪಿ (ಉರಿಯೂತದ ಅಳತೆ), ಕೊಲೆಸ್ಟ್ರಾಲ್ ಬೇಕೇ ಎಂದು ವೈದ್ಯರನ್ನೇ ಕೇಳಿ. ಮಾಂಸ ತಿನ್ನದವರು ಬಿ12 ಬಗ್ಗೆಯೂ ವಿಚಾರಿಸಿ. ನೆಗಡಿ, ಜ್ವರ ಬಂದ ವಾರದಲ್ಲಿ ಫೆರಿಟಿನ್, ಸಿಆರ್‌ಪಿ ಮಾಡಿಸುವುದು ಬೇಡ, ಎರಡೂ ಏರಿರುತ್ತವೆ.

ಹಂತ 3: ರಿಪೋರ್ಟನ್ನು ಒಟ್ಟಾಗಿ ನೋಡಿ

* ಹಿಮೋಗ್ಲೋಬಿನ್ ಪುರುಷರಲ್ಲಿ 13, ಗರ್ಭಿಣಿಯರಲ್ಲದ ಮಹಿಳೆಯರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ.
* ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ ಖಚಿತ. ಆದರೆ ಉರಿಯೂತವಿದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಸಿಆರ್‌ಪಿ ಹೆಚ್ಚಿದ್ದರೆ 70ರ ಕೆಳಗಿನ ಫೆರಿಟಿನ್ ಕೂಡ ಕೊರತೆಯ ಸೂಚನೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ‘ನಾರ್ಮಲ್’ ಎಂದು ಅಚ್ಚಾಗಿದೆಯೆಂದು ಸುಮ್ಮನಾಗಬೇಡಿ.
* ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಮಧುಮೇಹದ ಹೊಸ್ತಿಲು. ಕಬ್ಬಿಣದ ಕೊರತೆಯಿದ್ದರೆ ಈ ಸಂಖ್ಯೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಉಪವಾಸದ ಸಕ್ಕರೆಯೊಂದಿಗೆ ತಾಳೆ ನೋಡಿ.

ಹಂತ 4: ತಟ್ಟೆ ಸರಿಪಡಿಸಿ

ತಿಂಡಿಯಾದ ಕೂಡಲೇ ಬೈಟು ಕಾಫಿ ಕುಡಿಯುವ ಅಭ್ಯಾಸ ಕಬ್ಬಿಣಕ್ಕೆ ಕಂಟಕ. ಒಂದು ಗಂಟೆ ಅಂತರ ಕೊಡಿ. ಮುದ್ದೆ, ಅನ್ನ ಕಡಿಮೆ ಮಾಡಿ ಹುರುಳಿಕಾಳಿನ ಬಸ್ಸಾರು, ಸೊಪ್ಪು, ಮೊಳಕೆಕಾಳು ಹೆಚ್ಚಿಸಿ, ಮೇಲೆ ನಿಂಬೆರಸ ಹಿಂಡಿ. ಅದರ ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗುತ್ತದೆ. ಮೊಟ್ಟೆ, ಮೀನು, ಮಾಂಸ ತಿನ್ನುವವರು ಬಿಡಬೇಡಿ. ಉಪವಾಸವಿದ್ದು ತೂಕ ಇಳಿಸಿದರೆ ಸ್ನಾಯುವೂ ಕರಗುತ್ತದೆ.

ಹಂತ 5: ಸ್ನಾಯು ಉಳಿಸಿಕೊಳ್ಳಿ

ವಾರಕ್ಕೆ 150 ನಿಮಿಷ ಚುರುಕು ನಡಿಗೆ ಬೇಕು. ಬಸವೇಶ್ವರನಗರದ ಪಾರ್ಕಾಗಲಿ, ಜ್ಞಾನಭಾರತಿಯ ಮರಗಳ ನೆರಳಾಗಲಿ, ಜಾಗಕ್ಕೆ ಕೊರತೆಯಿಲ್ಲ. ನಡಿಗೆಯೊಂದೇ ಸಾಲದು: ವಾರಕ್ಕೆ ಎರಡು ದಿನ ಬಸ್ಕಿ, ಗೋಡೆಗೆ ಕೈಯೂರಿ ದಂಡ, ನೀರು ತುಂಬಿದ ಬಾಟಲಿ ಎತ್ತುವುದು ಸೇರಲಿ. ವಿಜಯನಗರ, ಅತ್ತಿಗುಪ್ಪೆ ಮೆಟ್ರೊ ನಿಲ್ದಾಣಗಳಲ್ಲಿ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿ. ರಕ್ತಹೀನತೆ ತೀವ್ರವಾಗಿದ್ದು ಏದುಸಿರು ಬರುತ್ತಿದ್ದರೆ ಮೊದಲು ವೈದ್ಯರನ್ನು ಕಾಣಿ.

ಹಂತ 6: ಮರುತಪಾಸಣೆ

ಕಬ್ಬಿಣದ ಮಾತ್ರೆ ಸರಿಯಾಗಿ ತೆಗೆದುಕೊಂಡರೆ ತಿಂಗಳೊಳಗೆ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಬ್ರ್ಯಾಂಡ್ ಬದಲಿಸುವ ಬದಲು ಕಾರಣ ಹುಡುಕಿಸಿ: ಮುಟ್ಟಿನಲ್ಲಿ ಅತಿ ರಕ್ತಸ್ರಾವ, ಮೂಲವ್ಯಾಧಿ, ಹೊಟ್ಟೆಯ ಹುಣ್ಣು ಇರಬಹುದು. ಗಂಡಸರಿಗೆ ರಕ್ತಹೀನತೆ ಇದ್ದರಂತೂ ಒಳಗೆ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು. ವೈದ್ಯರ ಬಳಿ ಹೋಗುವಾಗ ರಿಪೋರ್ಟಿನ ಮೇಲ್ಗಡೆ ಅಂದಿನ ಸೊಂಟದ ಅಳತೆ ಬರೆದುಕೊಂಡು ಹೋಗಿ. ಅವರು ಕೇಳದಿದ್ದರೂ ತೋರಿಸಿ.