ಮೂರಾಳು ನೀರಿಗೊಂದು ಪಾಲಿಸಿ

ಬಾವಿಗೆ ಕೊಡ ಬಿದ್ದರೆ ಮೊದಲು ಪಾತಾಳಗರಡಿ ಇಳಿಸುತ್ತಿದ್ದರು. ಕೊಕ್ಕೆಗೆ ಸಿಗದಿದ್ದರೆ ಓಣಿಯ ಯಾವನಾದರೂ ಗಟ್ಟಿ ಹುಡುಗನಿಗೆ ಕರೆ ಹೋಗುತ್ತಿತ್ತು. ಅವನು ಮೆಟ್ಟಿಲ ಮೇಲೆ ನಿಂತು ಎದೆ ತುಂಬ ಉಸಿರೆಳೆದು ಮುಳುಗಿದನೆಂದರೆ, ದಂಡೆಯ ಮೇಲಿದ್ದವರೂ ತಮಗೆ ಗೊತ್ತಿಲ್ಲದೇ ಉಸಿರು ಬಿಗಿಹಿಡಿಯುತ್ತಿದ್ದರು. ಇದಕ್ಕೇ ಈಗ ಫ್ರೀಡೈವಿಂಗ್ ಎನ್ನುತ್ತಾರೆ. ಬೆನ್ನಿಗೆ ಸಿಲಿಂಡರ್ ಇಲ್ಲ. ಒಂದೇ ಉಸಿರಿನಲ್ಲಿ ಇಳಿದು ಅದೇ ಉಸಿರಿನಲ್ಲಿ ಮೇಲೆ ಬರಬೇಕು.

ನಮ್ಮ ಸಿರಿಗೇರಿ ಹುಡುಗರಿಗೆ ನೀರು ಹೊಸದಲ್ಲ. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಈಜು ಕಲಿತವರು ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ, ಕೈಯಲ್ಲಿ ನಾಲ್ಕು ಕಾಸಿದೆ, ಸಮುದ್ರ ಕರೆಯುತ್ತಿದೆ. ಹೀಗೆ ಹೊರಟು ನಿಂತ ಹಳೇ ವಿದ್ಯಾರ್ಥಿಯೊಬ್ಬನನ್ನು ವಿಮೆ ಮಾಡಿಸಿದ್ದೀಯಾ ಎಂದು ಕೇಳಿದೆ. "ಟಿಕೆಟ್ ಜತೀಗೇ ಬಂತು ಸರ್" ಎಂದು ಮೊಬೈಲ್ ತೋರಿಸಿದ. ನೋಡಿದರೆ ರೈಲು ಟಿಕೆಟ್ಟಿನ 45 ಪೈಸೆಯ ವಿಮೆ! "ತಮ್ಮಾ, ಇದು ರೈಲು ಅಪಘಾತಕ್ಕೆ. ಸ್ಟೇಷನ್ನಿನಲ್ಲಿ ನೀನು ಇಳಿದಾಗ ಇದೂ ಇಳಿದು ಹೋಗುತ್ತದೆ" ಎಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಅಪಾಯ ಯಾವುದು ಎಂದು ತಿಳಿಯಬೇಕು, ಏಕೆಂದರೆ ಪಾಲಿಸಿಯ ಮಾತೆಲ್ಲ ಅದರ ಸುತ್ತಲೇ ಇರುತ್ತದೆ. ನೀರಿನಲ್ಲಿ 10 ಮೀಟರ್, ನಮ್ಮ ಲೆಕ್ಕದಲ್ಲಿ ಆರಾಳು, ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಶ್ವಾಸಕೋಶದ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಕಿವಿಗೆ ನೋವು ಶುರುವಾಗುವುದು ಅದಕ್ಕೂ ಮೊದಲೇ, ಎರಡಾಳು ನೀರಿನಲ್ಲೇ. ಆದರೆ ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಮೇಲೆ ಬರುವಾಗ. ಬಾವಿ ದಂಡೆಯಲ್ಲಿ ಹುಡುಗರು ಪಂದ್ಯ ಕಟ್ಟಿ, ಬುಸ್ ಬುಸ್ ಎಂದು ಹತ್ತಾರು ಸಲ ಉಸಿರಾಡಿ ಮುಳುಗುವುದನ್ನು ನೋಡಿದ್ದೀರಲ್ಲ? ಅದರಿಂದ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. "ಉಸಿರಾಡು" ಎಂದು ಒಳಗಿನಿಂದ ಒದೆಯುವುದೇ ಆ ಅನಿಲ. ಎಚ್ಚರಿಸುವವನನ್ನೇ ಹೊರಗೆ ಕಳಿಸಿದ ಹಾಗಾಯಿತು. ಮೇಲೇರುತ್ತ ಒತ್ತಡ ಇಳಿದಂತೆ ರಕ್ತಕ್ಕೆ ದಕ್ಕುವ ಆಮ್ಲಜನಕ ಸರ್ರನೆ ಕುಸಿದು, ಇನ್ನೇನು ತಲೆ ನೀರಿನಾಚೆ ಬರಬೇಕು ಎನ್ನುವಾಗ ಪ್ರಜ್ಞೆ ತಪ್ಪುತ್ತದೆ. ಪಕ್ಕದಲ್ಲಿ ತಿಳಿದವನೊಬ್ಬನಿದ್ದರೆ ಬದುಕು, ಇಲ್ಲದಿದ್ದರೆ ಇಲ್ಲ.

ಈಗ ನಿಮ್ಮ ಹತ್ತಿರ ಏನಿದೆ ಎಂದು ನೋಡಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಆಸ್ಪತ್ರೆಯ ಬಿಲ್ಲಿಗೆ ಒಂದು ಪೈಸೆಯೂ ಇಲ್ಲ. ಕೆಲಸ ಮಾಡುವ ಕಂಪನಿ ಕೊಟ್ಟ ಆರೋಗ್ಯ ವಿಮೆ ಇದ್ದರೆ ಅದು ದೇಶದೊಳಗಿನ ಪ್ರವಾಸಕ್ಕೆ ದೊಡ್ಡ ಆಸರೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಆರೋಗ್ಯ ಪಾಲಿಸಿಗಳ ಹೊರಗಿಡುವಿಕೆಗಳಿಗೆ ಒಂದೇ ಅಚ್ಚಿನ ಭಾಷೆ ಕೊಟ್ಟಿತು. ಅದರ ಒಂಬತ್ತನೆಯದು ಸಾಹಸ ಕ್ರೀಡೆಯ ಮಾತು. ಸ್ಕೂಬಾ, ಆಳಸಮುದ್ರದ ಮುಳುಗು ಎಲ್ಲ ಅದರಲ್ಲಿವೆ, ಆದರೆ "ವೃತ್ತಿಪರನಾಗಿ" ಭಾಗವಹಿಸಿದರೆ ಎಂಬ ಷರತ್ತಿನೊಂದಿಗೆ. ಹವ್ಯಾಸಕ್ಕೆ ಹೋದವನಿಗೆ ಈ ಒಂದು ಪದವೇ ಆಸರೆ. ಪ್ರವಾಸ ವಿಮೆ, ಅಪಘಾತ ವಿಮೆಗಳಿಗೆ ಆ ಅಚ್ಚು ಅನ್ವಯಿಸುವುದಿಲ್ಲ. ಅಲ್ಲಿ ಕಂಪನಿಗೊಂದು ಮಾತು, ಹವ್ಯಾಸಿಯನ್ನೂ ಹೊರಗಿಡುವವರಿದ್ದಾರೆ.

ಹೊಸಬರು ಎಡವುವುದು ಇಲ್ಲೇ. ಪಾಲಿಸಿಯಲ್ಲಿ "ಸ್ಕೂಬಾ ಸೇರಿದೆ" ಎಂದು ಬರೆದಿದ್ದರೆ ತಮ್ಮದೂ ಸೇರಿತು ಎಂದುಕೊಳ್ಳುತ್ತಾರೆ. ಸ್ಕೂಬಾ ಬೇರೆ, ನೀರಿನ ಮೇಲೆ ತೇಲುತ್ತ ನೋಡುವ ಸ್ನಾರ್ಕಲಿಂಗ್ ಬೇರೆ, ಉಸಿರು ಹಿಡಿದು ಇಳಿಯುವುದು ಬೇರೆ. ಹೆಸರು ಕಾಣದಿದ್ದರೆ ಕಂಪನಿಗೆ ಇಮೇಲ್ ಬರೆದು ಕೇಳಿ: ಫ್ರೀಡೈವಿಂಗ್‌ಗೆ ರಕ್ಷಣೆ ಇದೆಯೇ, ಎಷ್ಟು ಮೀಟರ್‌ವರೆಗೆ, ತರಬೇತುದಾರ ಜೊತೆಗಿರಲೇಬೇಕೇ, ಸ್ಪರ್ಧೆಗೂ ಅನ್ವಯಿಸುತ್ತದೆಯೇ. ಏಜೆಂಟ್ ಫೋನಿನಲ್ಲಿ "ಎಲ್ಲಾ ಕವರ್ ಆಗ್ತದ್ರೀ" ಎಂದದ್ದು ಗಾಳಿಗೆ ಹೋಗುತ್ತದೆ, ಇಮೇಲ್ ಉಳಿಯುತ್ತದೆ. ಉತ್ತರವೇ ಬರಲಿಲ್ಲವೆಂದರೆ ಆ ಪಾಲಿಸಿ ಬೇಡ.

ಎಷ್ಟು ಮೊತ್ತದ್ದು ಬೇಕು ಎನ್ನುವುದನ್ನು ಜಾಗ ಹೇಳುತ್ತದೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಗೆ ಹೋದರೆ ದಡ ಸೇರಲು ದೋಣಿಯಲ್ಲೇ ಗಂಟೆಗಟ್ಟಲೆ ಬೇಕು, ಅಲ್ಲಿಂದ ಮಣಿಪಾಲಕ್ಕೆ ಮತ್ತೆ ನೂರು ಕಿ.ಮೀ. ದೋಣಿ ಹತ್ತುವ ಮೊದಲು ಸಹಿ ಹಾಕಿಸಿಕೊಳ್ಳುವ ಹಾಳೆಯನ್ನು ವಿಮೆ ಎಂದುಕೊಳ್ಳಬೇಡಿ. ಏನಾದರೂ ಆದರೆ ಹೊಣೆ ನಿಮ್ಮದೇ ಎಂದು ಬರೆಸಿಕೊಳ್ಳುವ ಕಾಗದ ಅದು. ಅಂಡಮಾನಿನ ಸ್ವರಾಜ್ ದ್ವೀಪವಾದರೆ, ಅಲ್ಲಿಂದ ಚೆನ್ನೈಗೆ ರೋಗಿಯನ್ನು ವಿಮಾನದಲ್ಲಿ ಸಾಗಿಸುವ ಖರ್ಚು ಪಾಲಿಸಿಯಲ್ಲಿದೆಯೇ ಎಂಬುದೇ ಮೊದಲ ಪ್ರಶ್ನೆ. ಬಾಲಿಗೋ ಥಾಯ್ಲೆಂಡಿಗೋ ಹೋಗುವುದಾದರೆ ವಿದೇಶ ಪ್ರವಾಸ ವಿಮೆ ಬೇಕೇ ಬೇಕು, ಅದನ್ನು ಇಲ್ಲಿಂದ ಹೊರಡುವ ಮೊದಲೇ ಕೊಳ್ಳಬೇಕು. ಮುಳುಗುವವರಿಗೆಂದೇ 1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆ ಇದೆ. ಉಸಿರು ಹಿಡಿದು ಇಳಿಯುವವರನ್ನೂ ಅದರ ವಿಮೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಅರ್ಜಿ ತುಂಬುವಾಗ ಆಸ್ತಮಾ, ಕಿವಿಯ ಆಪರೇಷನ್, ಮೂರ್ಛೆ ಯಾವುದಿದ್ದರೂ ಬರೆಯಿರಿ. ಪ್ರೀಮಿಯಂ ನೂರಿನ್ನೂರು ಹೆಚ್ಚಾದರೂ ಆಗಲಿ; ಮುಚ್ಚಿಟ್ಟದ್ದು ಆಸ್ಪತ್ರೆಯ ಕಾಗದದಲ್ಲಿ ಹೊರಬಂದರೆ ಇಡೀ ಕ್ಲೇಮು ಬೀಳುತ್ತದೆ. ವಿಳಾಸವನ್ನೂ ನೋಡಿಕೊಳ್ಳಿ. ನಮ್ಮೂರನ್ನು ಚಿತ್ರದುರ್ಗದ ಸಿರಿಗೆರೆ ಮಾಡುವವರು ಮೊದಲಿನಿಂದಲೂ ಇದ್ದಾರೆ. ತಾಲ್ಲೂಕು ಸಿರುಗುಪ್ಪ, ಜಿಲ್ಲೆ ಬಳ್ಳಾರಿ ಎಂದು ನಿಮ್ಮ ಕೈಯಾರೆ ತುಂಬಿ.

ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ಅಲ್ಲಿ ಶುಲ್ಕವಿಲ್ಲ. ಪ್ರಾಧಿಕಾರದ ಸಹಾಯವಾಣಿ 155255.

ಇನ್ನೊಂದು ಮಾತು. ತುರ್ತು ಹೊತ್ತಿನಲ್ಲಿ ಕಂಪನಿಯ ಸಹಾಯವಾಣಿಗೆ ಮೊದಲು ಫೋನ್ ಮಾಡಬೇಕಾದವರು ನೀವಲ್ಲ, ನೀವಾಗ ದೋಣಿಯಲ್ಲಿ ಮಲಗಿರುತ್ತೀರಿ. ಆದ್ದರಿಂದ ಪಾಲಿಸಿ ನಂಬರ್, ಸಹಾಯವಾಣಿಯ ನಂಬರ್ ಎರಡನ್ನೂ ಎರಡು ಕಾಗದಗಳ ಮೇಲೆ ದೊಡ್ಡದಾಗಿ ಬರೆದು, ಒಂದನ್ನು ಜೊತೆಗಾರನ ಜೇಬಿಗೆ ಹಾಕಿ, ಇನ್ನೊಂದನ್ನು ಅವ್ವನ ಕೈಗೆ ಕೊಟ್ಟು ಬಸ್ ಹತ್ತಿ.