ಏರೇಟರ್ ಕೊಳ್ಳುವ ಮುನ್ನ ಹಗ್ಗಕ್ಕೊಂದು ಕಲ್ಲು ಕಟ್ಟಿ

ಬಿಸಿಲೇರಿದಂತೆ ಕೆರೆ ನೀರು ಹಸಿರು ಬಣ್ಣ ಕದಡಿದಂತಾಗುತ್ತದೆ. ಕೂಡಲೇ ಕೆರೆ ಸಮಿತಿಯಲ್ಲಿ ಯಾರಾದರೊಬ್ಬರು ‘ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕಿಸೋಣ’ ಎನ್ನುತ್ತಾರೆ. ಸ್ವಲ್ಪ ತಡೆಯಿರಿ.

ಮೊದಲು ಪಾಚಿ ಯಾವುದೆಂದು ನೋಡಿ. ಕೈಗವಸು ತೊಟ್ಟು ಗಾಜಿನ ಬಾಟಲಿಗೆ ನೀರು ತುಂಬಿ, ರಾತ್ರಿಯಿಡೀ ಅಲುಗಿಸದೆ ಇಡಿ. ಹಸಿರು ಕೆಳಗಿಳಿದರೆ ಬಹುಮಟ್ಟಿಗೆ ಸಾಮಾನ್ಯ ಪಾಚಿ. ಕೆನೆಯಂತೆ ಮೇಲೆ ಕಟ್ಟಿದರೆ ಮೈಕ್ರೊಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿಯ ಅನುಮಾನ; ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಿ. ಹೆಸರಿಗೆ ಪಾಚಿಯಾದರೂ ಇದು ಬ್ಯಾಕ್ಟೀರಿಯಾ. ಇದರ ವಿಷ ನೀರು ಕುದಿಸಿದರೂ ಹೋಗದು, ದನಕರುಗಳನ್ನು ದೂರವಿಡಿ. ಮೈಲುತುತ್ತ ಸುರಿಯುವ ಆತುರವೂ ಬೇಡ: ಕೋಶ ಒಡೆದು ಒಳಗಿನ ವಿಷವೆಲ್ಲ ನೀರಿಗೇ ಸೇರುತ್ತದೆ.

ಆಮೇಲೆ ಆಳ. ಮೀಟರಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ, ತೆಪ್ಪದಿಂದ ಹತ್ತಾರು ಕಡೆ ಇಳಿಬಿಟ್ಟು ಅಳೆಯಿರಿ. ಏರೇಟರ್ ಬೇಕೋ ಬೇಡವೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ನೀಲಿ-ಹಸಿರು ಪಾಚಿಯ ಕೋಶದೊಳಗೆ ಗಾಳಿಗುಳ್ಳೆಗಳಿವೆ. ನೀರು ನಿಶ್ಚಲವಾಗಿದ್ದರೆ ಪಾಚಿ ತೇಲಿಬಂದು ಬಿಸಿಲನ್ನೆಲ್ಲ ತಾನೇ ಹೀರುತ್ತದೆ. ಏರೇಟರ್ ನೀರನ್ನು ಮೇಲಿಂದ ತಳದವರೆಗೆ ಕಲಕಿದರೆ ಅದು ಕತ್ತಲೆಗಿಳಿದು ಸೊರಗುತ್ತದೆ. ತೇಲಲಾರದೆ ಮುಳುಗುತ್ತಿದ್ದ ಡಯಾಟಮ್, ಹಸಿರು ಪಾಚಿಗಳು ಬದುಕುತ್ತವೆ. ಆಮ್‌ಸ್ಟರ್‌ಡ್ಯಾಮ್‌ನ ನ್ಯೂವೆ ಮೇರ್ ಸರೋವರದಲ್ಲಿ 1993ರಿಂದ ಹೀಗೆ ಕಲಕಿದಾಗ, ನೀರಿನ ಪೋಷಕಾಂಶ ಹೇರಳವಾಗಿಯೇ ಉಳಿದರೂ ಮೈಕ್ರೊಸಿಸ್ಟಿಸ್ ಹಿಂದೆ ಸರಿಯಿತು. ಆದರೆ ಆ ಸರೋವರದ ಗರಿಷ್ಠ ಆಳ ಸುಮಾರು 30 ಮೀಟರ್! ಎರಡು-ಮೂರು ಮೀಟರಿನ ನಮ್ಮ ಕೆರೆಯಲ್ಲಿ ಎಷ್ಟು ಸುತ್ತಿಸಿದರೂ ಪಾಚಿ ಬೆಳಕಿನ ಆಸುಪಾಸಿನಲ್ಲೇ ಇರುತ್ತದೆ. ಮೇಲಾಗಿ ಹೂಳೆದ್ದು ಅದರೊಳಗಿನ ರಂಜಕ ಪಾಚಿಗೇ ಗೊಬ್ಬರವಾಗುತ್ತದೆ.

ಜಲಾಶಯ, ನೀರು ತುಂಬಿದ ಹಳೆಯ ಕ್ವಾರಿಯಂಥ ಆಳದ ಜಾಗವಾದರೆ ದಡದಲ್ಲಿ ಕಂಪ್ರೆಸರ್ ಇಟ್ಟು, ತಳಕ್ಕಿಂತ ತುಸು ಮೇಲೆ ತೂತು ಕೊರೆದ ಪೈಪುಗಳನ್ನು ಉದ್ದಗಲಕ್ಕೂ ಹಾಸಿ. ಏಳುವ ಗುಳ್ಳೆಗಳು ತಳದ ನೀರನ್ನು ಮೇಲೆಳೆಯುತ್ತವೆ. ನೀರು ಚಿಮ್ಮಿಸುವ ಕಾರಂಜಿ ಫೋಟೊಗೆ ಚೆಂದ, ಅದರ ಸುದ್ದಿ ತಳಕ್ಕೆ ಮುಟ್ಟುವುದೇ ಇಲ್ಲ. ಬೇಸಿಗೆಗೆ ಮುಂಚೆಯೇ ಆರಂಭಿಸಿ. ತಡವಾಗಿದ್ದರೆ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಓಡಿಸುತ್ತ ನಿಧಾನವಾಗಿ ಹೆಚ್ಚಿಸಿ. ಆಮ್ಲಜನಕವಿಲ್ಲದ ತಳದ ನೀರು ಒಮ್ಮೆಗೇ ಮೇಲೆದ್ದರೆ ಮೀನು ಸಾಯುತ್ತವೆ. ವಾರಕ್ಕೊಮ್ಮೆ ಮೇಲಿನ ಮತ್ತು ತಳದ ನೀರಿನ ಉಷ್ಣಾಂಶ ನೋಡಿ. ವ್ಯತ್ಯಾಸ ಹೆಚ್ಚಿದ್ದರೆ ಕಲಕಿದ್ದು ಸಾಲದು.

ಆಳವಿಲ್ಲದ ಕೆರೆಯಾದರೆ ಆ ದುಡ್ಡನ್ನು ಚರಂಡಿ ನೀರು ತಡೆಯಲು ಬಳಸಿ. ಬೆಂಗಳೂರಿನ ಜಕ್ಕೂರು ಕೆರೆಗೆ ಸಂಸ್ಕರಿಸಿದ ಚರಂಡಿ ನೀರು ಜೌಗುಸಸ್ಯಗಳ ನಡುವೆ ಹಾದು ಬರುವ ವ್ಯವಸ್ಥೆಯಿದೆ. ಕೊಟೇಶನ್ ತರಿಸುವ ಮುನ್ನ ಒಮ್ಮೆ ಹೋಗಿ ನೋಡಿ ಬನ್ನಿ.